ಹಾಜರಿಯ ಹೆಸರು, ಮತದಾರರ ಪಟ್ಟಿಯ ಹೆಸರು

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜನವರಿ 25ರ ರಾಷ್ಟ್ರೀಯ ಮತದಾರರ ದಿನದಂದು, ಹಳೆಯ ವಿದ್ಯಾರ್ಥಿಗಳ ಮತ್ತು ನಿವೃತ್ತ ಶಿಕ್ಷಕರ ಪರವಾಗಿ ಮಾಡಿದ ಭಾಷಣದ ಪಠ್ಯ)



ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ಸಂಭ್ರಮ ಇನ್ನೂ ಪೂರ್ತಿ ತಗ್ಗಿಲ್ಲ. ಅದರ ಬೆನ್ನಿಗೇ ನಮ್ಮ ಶಾಲೆಯ ಹಬ್ಬ ಬಂದಿದೆ. ಇಂಥ ಸಂದರ್ಭದಲ್ಲಿ ಗತಿಸಿದ ಗುರುಗಳನ್ನು ನೆನೆಯುವುದು, ಕಟ್ಟಡಕ್ಕೆ ದಾನ ಕೊಟ್ಟವರನ್ನು ಕೊಂಡಾಡುವುದು ರೂಢಿ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುವವರು ಈ ವೇದಿಕೆಯ ಮೇಲಿದ್ದಾರೆ. ನಮಗೆ ಒಪ್ಪಿಸಿದ ವಿಷಯ ಬೇರೆ: ಮತದಾರನ ಗುರುತು. ಶಾಲೆಯ ಶತಮಾನಕ್ಕೂ ಮತದಾರನ ಗುರುತಿನ ಚೀಟಿಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಪಕ್ಕದ ಕೊಠಡಿಯ ಪ್ರದರ್ಶನದಲ್ಲಿ ಶಾಲೆಯ ಹಳೆಯ ಜನರಲ್ ರಜಿಸ್ಟರುಗಳನ್ನು ಇಟ್ಟಿದ್ದೇವೆ. ಬೆಳಗಿನಿಂದ ಅತಿ ಹೆಚ್ಚು ಜನ ನಿಂತದ್ದು ಆ ಮೇಜಿನ ಮುಂದೆ. ಎಪ್ಪತ್ತು ದಾಟಿದ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ತಮ್ಮ ಹೆಸರಿನ ಸಾಲನ್ನು ಹುಡುಕುತ್ತಿದ್ದಾರೆ. ಸಿಕ್ಕಾಗ ಮೊದಲು ನಗು. ಅನಂತರ ಒಂದು ಅನುಮಾನ. "ಇದೇನು, ನನ್ನ ಹೆಸರನ್ನು ಹೀಗೆ ಬರೆದಿದ್ದಾರಲ್ಲ!" ಎಂಬ ಮಾತನ್ನು ನಾವು ಈ ಹೊತ್ತಿನವರೆಗೆ ಐದಾರು ಸಲವಾದರೂ ಕೇಳಿದ್ದೇವೆ. ನಮ್ಮ ಇಂದಿನ ಮಾತೆಲ್ಲ ಆ ಅನುಮಾನದ ಸುತ್ತಲೇ ಇದೆ.

ಈ ಶಾಲೆ ಹುಟ್ಟಿದ ಕಾಲದಲ್ಲಿ ಅಕ್ಕಲಕೋಟವು ಭೋಸಲೆ ಮನೆತನದ ಸಂಸ್ಥಾನವಾಗಿತ್ತು, ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪ್ರಾಂತದಲ್ಲಿ ಮತದ ಹಕ್ಕು ಆಸ್ತಿಯಿದ್ದವರಿಗೆ, ತೆರಿಗೆ ಕೊಡುವವರಿಗೆ, ಒಂದಿಷ್ಟು ವಿದ್ಯೆ ಪಡೆದವರಿಗೆ ಮಾತ್ರ. 1935ರ ಕಾಯಿದೆಯ ಕಾಲಕ್ಕೆ ಹೆಣ್ಣುಮಕ್ಕಳಿಗೆ ಓದುಬರಹ ಬಲ್ಲವರೆಂಬುದೂ ಒಂದು ಅರ್ಹತೆಯಾಯಿತು. ಎಲ್ಲರಿಗೂ ಮತ ಬಂದದ್ದು ಗಣರಾಜ್ಯದೊಡನೆ. 1951-52ರ ಮೊದಲ ಮಹಾ ಚುನಾವಣೆಯಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರ ಪಟ್ಟಿಯನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರ ಕಚೇರಿ ಸಿದ್ಧಪಡಿಸಿತು. ಆಗ ಗುರುತಿನ ಚೀಟಿ ಇರಲಿಲ್ಲ, ಭಾವಚಿತ್ರವಿರಲಿಲ್ಲ, ಹೆಸರೊಂದೇ ಗುರುತು.

ಆ ಹೆಸರನ್ನು ಪಡೆಯುವುದೇ ಕಠಿಣವಾಯಿತು. ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ ಉತ್ತರ ಭಾರತದ ಅನೇಕ ಕಡೆ ಹೆಂಗಸರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಅಂಥ ನಮೂದು ನಡೆಯದು, ಸ್ವಂತ ಹೆಸರು ಬೇಕೇಬೇಕು ಎಂದು ಆಯೋಗ ಪಟ್ಟುಹಿಡಿಯಿತು. ಸುಮಾರು ಎಂಟು ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಜನರ ನಮೂದುಗಳನ್ನು ಅಳಿಸಬೇಕಾಯಿತು. ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶಗಳಲ್ಲಿ ಇದು ಹೆಚ್ಚಾಗಿ ನಡೆಯಿತು. ಆಯೋಗದ ನಿಲುವು ಸರಿಯಾಗಿತ್ತು ಎಂದೇ ನಮ್ಮ ಭಾವನೆ. ಸ್ವಂತ ಹೆಸರಿಲ್ಲದೆ ಸ್ವಂತ ಮತವೆಲ್ಲಿಯದು? ಆದರೂ ಆ 28 ಲಕ್ಷ ಜನ ಮತಗಟ್ಟೆಯ ಬಾಗಿಲಿಗೆ ಬಂದು ಹಿಂತಿರುಗಿದವರಲ್ಲ ಎಂಬುದನ್ನು ಗಮನಿಸಬೇಕು. ಅವರು ಬರುವ ಮೊದಲೇ, ಕಾಗದದ ಮೇಲೆಯೇ, ಮತ ಕಳೆದುಕೊಂಡಿದ್ದರು.

ನಮ್ಮ ಸೀಮೆಯಲ್ಲಿ ಹೆಂಗಸರು ತಮ್ಮ ಹೆಸರು ಹೇಳಲು ಹಿಂಜರಿಯುವುದಿಲ್ಲ. ಗಂಡನ ಹೆಸರಿಗೆ ಮಾತ್ರ ಒಡಪು ಬೇಕು. ಚುನಾವಣೆಯ ಕೆಲಸ ಮಾಡಿದ ನಮ್ಮ ಶಿಕ್ಷಕ ಮಿತ್ರರಿಗೆಲ್ಲ ಈ ಅನುಭವವಿದೆ. ಮೇಜಿನ ಹಿಂದೆ ಕುಳಿತವರು "ಗಂಡನ ಹೆಸರೇನವ್ವಾ?" ಎಂದರೆ ಅಜ್ಜಿ ಸೆರಗು ಸರಿಪಡಿಸಿಕೊಂಡು ಹಿಂದೆ ನಿಂತ ನೆರೆಮನೆಯವಳ ಮುಖ ನೋಡುತ್ತಾಳೆ. ನೆರೆಮನೆಯವಳು ಹೇಳುತ್ತಾಳೆ. ಮೇಜಿನವರು ನಗುತ್ತ ಗೆರೆ ಎಳೆಯುತ್ತಾರೆ. ಕಾನೂನಿನ ಪುಸ್ತಕದಲ್ಲಿ ಇಂಥ ಸಾಕ್ಷಿಗೆ ಸ್ಥಾನವಿದೆಯೋ ಇಲ್ಲವೋ, ಊರಿನ ಮತಗಟ್ಟೆಯಲ್ಲಿ ಬಹುಕಾಲ ಗುರುತು ನಡೆದದ್ದು ಹೀಗೆ, ಮುಖಪರಿಚಯದಿಂದ.

ಮುಖಪರಿಚಯ ಸಾಲದಾದಾಗ ಶಾಯಿ ಬಂತು. ಆ ಶಾಯಿ ಕನ್ನಡ ನಾಡಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ, 1962ರ ಮಹಾ ಚುನಾವಣೆಯಿಂದ ದೇಶದ ಎಡಗೈ ತೋರುಬೆರಳುಗಳ ಮೇಲೆ ನಿಂತಿದೆ. ಶಾಯಿಯ ಗುಣವೇನೆಂದರೆ ಅದು ಯಾರನ್ನೂ ಮೊದಲೇ ತಡೆಯುವುದಿಲ್ಲ. ಒಮ್ಮೆ ಹಾಕಿದವನು ಮತ್ತೊಮ್ಮೆ ಬಾರದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಗುರುತಿನ ಚೀಟಿಯ ದಾರಿ ಬೇರೆ. ಅದು ಮತ ಹಾಕುವ ಮೊದಲೇ ಪ್ರಶ್ನೆ ಕೇಳುತ್ತದೆ.

ಭಾವಚಿತ್ರದ ಚೀಟಿಯ ವಿಚಾರ ಹಳೆಯದು. 1958ರಲ್ಲೇ ಕಾನೂನಿನಲ್ಲಿ ಅದಕ್ಕೆ ಅವಕಾಶ ಮಾಡಿದ್ದರು. ಕಲ್ಕತ್ತೆಯ ಒಂದು ಲೋಕಸಭಾ ಕ್ಷೇತ್ರದಲ್ಲಿ ಪ್ರಯೋಗ ನಡೆದು ಫಲಿಸದೆ ಹೋಯಿತು. ದೇಶವ್ಯಾಪಿಯಾಗಿ ಅದನ್ನು ಹಟಹಿಡಿದು ತಂದವರು ಟಿ.ಎನ್. ಶೇಷನ್. 1993ರ ಆಗಸ್ಟಿನಲ್ಲಿ ಆದೇಶ ಹೊರಡಿಸಿ, ಚೀಟಿ ಕೊಡದ ರಾಜ್ಯಗಳಲ್ಲಿ ಚುನಾವಣೆಯನ್ನೇ ನಡೆಸುವುದಿಲ್ಲವೆಂದು ಗದರಿಸಿದರು. ಬಡವರು, ಅನಕ್ಷರಸ್ಥರು, ಗುಳೆ ಹೋಗುವವರು ಇದರಿಂದ ಮತಗಟ್ಟೆಗೆ ದೂರವಾಗುತ್ತಾರೆಂಬ ಭಯ ಆಗ ಅನೇಕರಲ್ಲಿತ್ತು. ನಮ್ಮಲ್ಲೂ ಇತ್ತು ಎಂದು ಒಪ್ಪಿಕೊಳ್ಳುತ್ತೇವೆ. ಆದದ್ದೇನು? ಚೀಟಿಗೆ ಮೊದಲಿನ 1991ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಪ್ರತಿಶತ ಸುಮಾರು 56. 1996ರಲ್ಲಿ 57.94, 1998ರಲ್ಲಿ 61.97. ನಡುವೆ 2004ರಲ್ಲಿಯೂ 2009ರಲ್ಲಿಯೂ 58ರ ಆಸುಪಾಸಿಗೆ ಇಳಿದು, 2014ರಲ್ಲಿ 66.44ಕ್ಕೆ, 2019ರಲ್ಲಿ 67.40ಕ್ಕೆ ಏರಿತು. 1962ರಲ್ಲಿ ನೂರಕ್ಕೆ 63 ಗಂಡಸರು ಮತ ಹಾಕಿದರೆ ಹೆಂಗಸರು 47ಕ್ಕಿಂತ ಕಡಿಮೆ. 2019ರ ಹೊತ್ತಿಗೆ ಇಬ್ಬರೂ 67ರಲ್ಲಿ ಸರಿಸಮರಾಗಿ, ಹೆಂಗಸರು ಕೂದಲೆಳೆಯಷ್ಟು ಮುಂದಾದರು. ಈ ಏರಿಕೆಗೆ ಚೀಟಿಯೇ ಕಾರಣವೆಂದು ನಾವು ಹೇಳುವುದಿಲ್ಲ. ಚೀಟಿಯಿಂದ ಮತದಾನ ಕುಸಿಯಿತೆಂದು ಯಾರಾದರೂ ಹೇಳಿದರೆ ಅಂಕಿಗಳು ಅದನ್ನು ಒಪ್ಪುವುದಿಲ್ಲ, ಅಷ್ಟು ಮಾತ್ರ.

ಏಕೆ ಕುಸಿಯಲಿಲ್ಲ ಎಂಬುದಕ್ಕೆ ಕಾರಣ ನಿಯಮದ ಒಳಗೇ ಇದೆ. ನಮ್ಮ ದೇಶದಲ್ಲಿ ಚೀಟಿಯಿಲ್ಲದವನನ್ನು ಮನೆಗೆ ಕಳಿಸುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮತದಾರರ ಚೀಟಿಗೆ ಬದಲಾಗಿ ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡು, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ಕು, ವಾಹನ ಪರವಾನಗಿ, ಪ್ಯಾನ್ ಕಾರ್ಡು, ಪಾಸ್‌ಪೋರ್ಟು, ಪಿಂಚಣಿಯ ಕಾಗದ, ಅಂಗವಿಕಲರ ಗುರುತಿನ ಚೀಟಿ ಮುಂತಾದ 12 ದಾಖಲೆಗಳಲ್ಲಿ ಯಾವುದಾದರೂ ಒಂದು ನಡೆಯುತ್ತಿತ್ತು. ಇನ್ನೆರಡು ಸೂಚನೆಗಳು ನಮ್ಮಂಥ ಗಡಿಯವರಿಗೆ ಬಹಳ ಮುಖ್ಯ. ಪಾಲಕರು ದಯವಿಟ್ಟು ನೆನಪಿಡಬೇಕು. ಚೀಟಿಯಲ್ಲಿ ಅಕ್ಷರದ ಸಣ್ಣಪುಟ್ಟ ತಪ್ಪಿದ್ದರೂ ವ್ಯಕ್ತಿ ಅವರೇ ಎಂದು ತಿಳಿಯುವಂತಿದ್ದರೆ ಆ ತಪ್ಪನ್ನು ಅಲಕ್ಷಿಸಬೇಕು. ಬೇರೆ ಕ್ಷೇತ್ರದಲ್ಲಿ ಕೊಟ್ಟ ಚೀಟಿಯಾದರೂ, ಈ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿದ್ದರೆ ಅದನ್ನು ಒಪ್ಪಬೇಕು. ಇಂಡಿಯಿಂದಲೋ ಆಳಂದದಿಂದಲೋ ಅಕ್ಕಲಕೋಟಕ್ಕೆ ಮದುವೆಯಾಗಿ ಬಂದ ಮಗಳ ಕೈಯಲ್ಲಿ ತವರಿನ ಹಳೆಯ ಚೀಟಿಯಿದ್ದರೆ ಅಂಜಬೇಕಾಗಿಲ್ಲ, ಹೆಸರು ಇಲ್ಲಿನ ಪಟ್ಟಿಗೆ ಬಂದಿದ್ದರಾಯಿತು.

ಹೊರದೇಶಗಳ ಕಥೆಯನ್ನು ಸ್ವಲ್ಪದರಲ್ಲೇ ಹೇಳಿ ಮುಗಿಸುತ್ತೇವೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಇಂಡಿಯಾನಾ ರಾಜ್ಯದ ಭಾವಚಿತ್ರ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ಎತ್ತಿಹಿಡಿಯಿತು. ಟೆಕ್ಸಾಸಿನ 2011ರ ಕಾನೂನಿನಲ್ಲಿ ಬಂದೂಕಿನ ಪರವಾನಗಿ ನಡೆಯುತ್ತಿತ್ತು, ವಿಶ್ವವಿದ್ಯಾಲಯದ ವಿದ್ಯಾರ್ಥಿಯ ಚೀಟಿ ನಡೆಯುತ್ತಿರಲಿಲ್ಲ. ಶಾಲೆಯವರಾದ ನಮಗೆ ಇದು ಸ್ವಲ್ಪ ಚುಚ್ಚುತ್ತದೆ! ಪರಿಣಾಮದ ಬಗ್ಗೆ ಅಲ್ಲಿನ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ಯಾನ್ಸಸ್ ಮತ್ತು ಟೆನೆಸಿ ರಾಜ್ಯಗಳಲ್ಲಿ ಮತದಾನ ಎರಡು ಮೂರು ಅಂಶಗಳಷ್ಟು ಇಳಿಯಿತೆಂದು 2014ರ ಒಂದು ಸರಕಾರಿ ಪರಿಶೀಲನೆ ಹೇಳಿತು. 2008ರಿಂದ 2018ರವರೆಗಿನ ಇಡೀ ದೇಶದ ಮಾಹಿತಿಯನ್ನು ಶೋಧಿಸಿದ ಕಾಂತೋನಿ ಮತ್ತು ಪೊನ್ಸ್ ಎಂಬ ಅರ್ಥಶಾಸ್ತ್ರಜ್ಞರಿಗೆ ಗಣನೀಯ ಇಳಿಕೆ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಮೊದಲ ಬಾರಿ ಭಾವಚಿತ್ರದ ದಾಖಲೆ ಕೇಳಿದಾಗ ಮತಗಟ್ಟೆಗೆ ಬಂದವರಲ್ಲಿ ಸುಮಾರು 14,000 ಜನ, ಅಂದರೆ ನಾನೂರಕ್ಕೆ ಒಬ್ಬರು, ಮತ ಹಾಕದೆ ಮರಳಿದರು. ಸಣ್ಣ ಸಂಖ್ಯೆ ಎನ್ನಬಹುದು. ಆದರೆ ಬಾಗಿಲಿನಲ್ಲಿ ಎಣಿಸುವವನಿಗೆ ಬಾಗಿಲಿಗೆ ಬಾರದವರು ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಗಡಿಯ ಸಂಕಟವೂ ಅಂಥದೇ. ಅದು ಬಾಗಿಲಿಗೆ ಬರುವ ಮೊದಲಿನದು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಸೊಲ್ಲಾಪುರದಲ್ಲಿ ಅತ್ಯಂತ ಪ್ರೀತಿಯ ಹೆಸರು ಯಾವುದು? ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನದು. ಮನೆಗೊಬ್ಬ ಸಿದ್ಧರಾಮ, ಓಣಿಗೆ ಹತ್ತು. ಒಬ್ಬನೇ ಹುಡುಗನನ್ನು ಅಜ್ಜಿ ಸಿದ್ರಾಮ ಎನ್ನುತ್ತಾಳೆ, ಶಾಲೆಯ ರಜಿಸ್ಟರು ಸಿದ್ಧರಾಮಪ್ಪ ಎನ್ನುತ್ತದೆ, ಪಡಿತರ ಚೀಟಿ ಸಿದ್ರಾಮಪ್ಪಾ ಎನ್ನುತ್ತದೆ, ಆಧಾರ್ ಸಿದ್ಧಾರಾಮ ಎನ್ನುತ್ತದೆ. ನಾಲ್ಕು ಕಾಗದ, ನಾಲ್ಕು ಜನ! ಇದರಲ್ಲಿ ಯಾರ ದ್ವೇಷವೂ ಇಲ್ಲ. ಲಿಪಿಯ ಸ್ವಭಾವವೇ ಅರ್ಧ ಕಾರಣ. ಮರಾಠಿಯ ದೇವನಾಗರಿಯಲ್ಲಿ ಎಕಾರ ಒಂದೇ, ಒಕಾರ ಒಂದೇ. ನಮ್ಮ ಎ ಮತ್ತು ಏ, ಒ ಮತ್ತು ಓ ಅಲ್ಲಿ ಒಂದಾಗುತ್ತವೆ. ಚೆನ್ನವ್ವನನ್ನು ಒಬ್ಬ ಗುಮಾಸ್ತ ಚನ್ನವ್ವಾ ಎಂದು ಬರೆದರೆ ಮತ್ತೊಬ್ಬ ಚೇನವ್ವಾ ಎಂದು ಬರೆಯುತ್ತಾನೆ. ಅಲ್ಲಿಂದ ಇಂಗ್ಲಿಷಿಗೆ ಇಳಿಯುವಾಗ ಇನ್ನೊಂದು ಅಕ್ಷರ ಬೀಳುತ್ತದೆ. ಕುಂಬಾರ ಕುಂಭಾರನಾಗುತ್ತಾನೆ. ಕೊನೆಗೆ ಚೆನ್ನವ್ವನ ಮೊಮ್ಮಗಳು ಅಜ್ಜಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ "ದಾಖಲೆ ಲಭ್ಯವಿಲ್ಲ" ಎಂಬ ಉತ್ತರ ಬರುತ್ತದೆ. ಅಜ್ಜಿ ಮಾತ್ರ ಪಕ್ಕದಲ್ಲೇ ಕುಳಿತಿರುತ್ತಾಳೆ.

ಹೆಸರಿನ ಕಟ್ಟಡವೇ ಇಲ್ಲಿ ಬೇರೆ. ಮಹಾರಾಷ್ಟ್ರದ ಪದ್ಧತಿಯಲ್ಲಿ ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆತನದ ಹೆಸರು ಎಂದು ಮೂರು ಕಂಬ. ಭೀಮೆಯ ಆಚೆಯವರಿಗೆ ಇನಿಷಿಯಲ್ಲಿನಿಂದ ಬದುಕು ಸಾಗುತ್ತದೆ. ಹೆಣ್ಣುಮಗಳ ಪಾಡನ್ನಂತೂ ಹೇಳುವುದೇ ಬೇಡ. ಮದುವೆಯ ದಿನ ನಡುವಿನ ಹೆಸರು ಹೋಗುತ್ತದೆ, ಮನೆತನದ ಹೆಸರು ಹೋಗುತ್ತದೆ. ಅನೇಕ ಮನೆಗಳಲ್ಲಿ ಅಕ್ಕಿಯ ತಟ್ಟೆಯಲ್ಲಿ ಹೊಸ ಹೆಸರು ಬರೆದು, ತಾಯಿ ಇಟ್ಟ ಹೆಸರನ್ನೂ ತೆಗೆದುಬಿಡುತ್ತಾರೆ. ಕರಜಗಿಯಲ್ಲೋ ನಾಗಣಸೂರಿನಲ್ಲೋ ನೀಲವ್ವಳಾಗಿ ನಮ್ಮ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು ಸೊಲ್ಲಾಪುರದ ಗಂಡನ ಮನೆಯಲ್ಲಿ ಸುನಂದಾ ಆಗಿರುತ್ತಾಳೆ. ಎರಡೂ ಒಬ್ಬಳೇ ಎಂದು ಹೇಳುವ ಕಾಗದ ಒಂದೂ ಇರುವುದಿಲ್ಲ. ಮೊದಲ ಚುನಾವಣೆಯಲ್ಲಿ ಹೆಸರಿಲ್ಲದ್ದಕ್ಕೆ ಹೆಂಗಸರು ಪಟ್ಟಿಯಿಂದ ಹೊರಬಿದ್ದರು. ನಮ್ಮ ಕಾಲದಲ್ಲಿ ಹೆಸರುಗಳು ಹೆಚ್ಚಾಗಿ ಹೊರಬೀಳುವ ಅಪಾಯವಿದೆ. ಇದೇ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಎರಡೂ ಭಾಷೆಗಳಲ್ಲಿ ಬರೆದು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾಗಿ, ಎರಡು ನಾಡಿಗೂ ಒಂದೇ ಹೆಸರಿನಿಂದ ಪರಿಚಿತರಾದರು. ಆ ಭಾಗ್ಯ ಎಲ್ಲ ತಾಯಂದಿರಿಗೂ ಇರುವುದಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಪ್ರದರ್ಶನದ ರಜಿಸ್ಟರುಗಳನ್ನು ಜೋಡಿಸುವಾಗ ನಾವು ಕೆಲವರು ಮೂರು ಸಂಜೆ ಕುಳಿತು ಅವನ್ನು ಓದಿದೆವು. ಪುಟ ಪುಟದಲ್ಲಿ ಜನ್ಮದಿನಾಂಕ ಜೂನ್ 1. ಹೊಸ ವರ್ಷ ಜೂನಿನಲ್ಲಿ ಆರಂಭವಾಗುತ್ತಿತ್ತು. ಮಗು ಆರು ತುಂಬಿದಂತೆ ಕಂಡರೆ ಗುರುಗಳು ಆ ದಿನವನ್ನೇ ಬರೆದು ಸೇರಿಸಿಕೊಳ್ಳುತ್ತಿದ್ದರು. ಆ ಔದಾರ್ಯವಿಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಹೆಸರಿನ ವಿಷಯದಲ್ಲಿ ಕೈ ಇನ್ನೂ ಸಡಿಲವಾಗಿತ್ತು. ತಾಯಿ "ಕೆಂಚವ್ವ" ಎಂದರೆ ನಾವು "ಕಾಂಚನಾ" ಎಂದು ಬರೆದದ್ದುಂಟು. ಹಳ್ಳಿಯ ಹೆಸರು ಹಾಜರಿಯಲ್ಲಿ ಚೆನ್ನಾಗಿ ಕೇಳಿಸದೆಂಬ ನಮ್ಮ ಭ್ರಮೆ. ಮಗುವಿಗೆ ಒಳ್ಳೆಯದನ್ನು ಮಾಡಿದೆವೆಂದೇ ತಿಳಿದಿದ್ದೆವು. ಮನೆಯವರು ಮಾತ್ರ ಉಳಿದ ಎಲ್ಲ ಕಡೆ ಕೆಂಚವ್ವ ಎಂದೇ ಬರೆಸಿದರು. ಶಾಲೆ ಬಿಟ್ಟ ದಾಖಲೆಯೇ ಈ ಸೀಮೆಯಲ್ಲಿ ಹಲವರ ಬಳಿ ಇರುವ ಏಕೈಕ ಹಳೆಯ ಕಾಗದ. ಅದು ಅವರನ್ನು ಬೇರೊಬ್ಬರೆಂದು ಹೇಳುತ್ತದೆ. ಶಾಲೆ ಬಿಟ್ಟ ಮೇಲೆ ಆ ನಮೂದನ್ನು ತಿದ್ದುವುದು ಸುಲಭವಲ್ಲ. ಶಿಕ್ಷಣಾಧಿಕಾರಿಗಳವರೆಗೆ, ಹೆಸರೇ ಬದಲಾಗಬೇಕಾದರೆ ರಾಜಪತ್ರದವರೆಗೆ ಅಲೆಯಬೇಕು.

ಇದರ ಪರಿಣಾಮವನ್ನು ನಾವು ಕಣ್ಣಾರೆ ಕಂಡದ್ದು ಒಂದು ಮತಗಟ್ಟೆಯಲ್ಲಿ. ನಿಮಗೆ ಗೊತ್ತಿರುವಂತೆ ಮತಗಟ್ಟೆಯ ಮೊದಲ ಅಧಿಕಾರಿಯ ಮುಂದೆ ಪಟ್ಟಿಯ ಗುರುತು ಪ್ರತಿ ಇರುತ್ತದೆ. ಹೆಸರು, ಕ್ರಮಸಂಖ್ಯೆಗಳನ್ನು ಗಟ್ಟಿಯಾಗಿ ಓದಿ ಗುರುತಿಸುವುದು ಅವರ ಕೆಲಸ. ಆ ಕುರ್ಚಿಯಲ್ಲಿ ಹೆಚ್ಚಾಗಿ ಶಿಕ್ಷಕರೇ ಇರುತ್ತಾರೆ, ಕೊಠಡಿಯೂ ಬಹುಮಟ್ಟಿಗೆ ಶಾಲೆಯದೇ. ನಮ್ಮಲ್ಲೊಬ್ಬರು ಹಾಗೆ ಕುಳಿತಿದ್ದ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ತಾಯಿ ಬಂದರು. ಕೈಯಲ್ಲಿ ಮತದಾರರ ಚೀಟಿಯಿತ್ತು, ಮುಖ ಭಾವಚಿತ್ರಕ್ಕೆ ಸರಿಯಾಗಿತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಗಂಡನ ಹೆಸರಿತ್ತು, ಮಗನ ಹೆಸರಿತ್ತು, ಸೊಸೆಯದೂ ಇತ್ತು. ಎರಡು ಹೆಸರುಗಳ ಎರಡು ನಮೂದುಗಳಲ್ಲಿ ಒಂದು ನಕಲಿಯೆಂದು ತೆಗೆಯಲು ಹೋಗಿ ಎರಡೂ ಹೋಗಿದ್ದವೆಂದು ಆಮೇಲೆ ತಿಳಿಯಿತು. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ ಆ ತಾಯಿ, "ಇದು ನಾನಲ್ಲೇನು ಗುರುಗಳೇ?" ಎಂದು ಕೇಳಿದರು. ಅವರು ನಮ್ಮ ಶಾಲೆಯವರು. ಕುರ್ಚಿಯಲ್ಲಿದ್ದವರು ಅವರಿಗೆ ಮಗ್ಗಿ ಕಲಿಸಿದವರು. ಮುಖ ಗೊತ್ತು, ಮನೆ ಗೊತ್ತು, ಮತ ಕೊಡಿಸಲು ಮಾತ್ರ ಯಾವ ದಾರಿಯೂ ಇರಲಿಲ್ಲ. ಚೀಟಿಯಿಲ್ಲದಿದ್ದರೆ 12 ಬದಲಿ ದಾಖಲೆಗಳಿವೆ; ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬದಲಿ ಒಂದೂ ಇಲ್ಲ.

ಆ ದಿನದ ಮತದಾನ ಪ್ರತಿಶತದಲ್ಲಿ ಈ ತಾಯಿ ಎಲ್ಲಿದ್ದಾರೆ? ಎಲ್ಲಿಯೂ ಇಲ್ಲ. ಮತ ಹಾಕಿದವರಲ್ಲೂ ಇಲ್ಲ, ಹಾಕದವರಲ್ಲೂ ಇಲ್ಲ. ಪ್ರತಿಶತದ ಕೆಳಗಿನ ಸಂಖ್ಯೆ ಊರಿನ ಜನಸಂಖ್ಯೆಯಲ್ಲ, ಪಟ್ಟಿಯ ಸಂಖ್ಯೆ. ಐದನೆಯ ಇಯತ್ತೆಯ ಲೆಕ್ಕವನ್ನೇ ಮಾಡೋಣ. ಒಂದು ಹಳ್ಳಿಯ ಪಟ್ಟಿಯಲ್ಲಿ 1000 ಹೆಸರು, 600 ಜನ ಮತ ಹಾಕಿದರು: 60 ಪ್ರತಿಶತ. ಮುಂದಿನ ಸಲ 100 ಹೆಸರು ತೆಗೆದರು, ಅದೇ 600 ಜನ ಮತ ಹಾಕಿದರು: 66.7 ಪ್ರತಿಶತ. ಒಬ್ಬನೂ ಹೆಚ್ಚಾಗಿ ಬರದೆ ಮತದಾನ ಏರಿತು! ಆ ನೂರರಲ್ಲಿ ತೀರಿಕೊಂಡವರು, ಪುಣೆಗೆ ಹೋಗಿ ನೆಲೆಸಿದವರು ಇದ್ದರೆ ತೆಗೆದದ್ದು ನ್ಯಾಯವೇ. ಇಪ್ಪತ್ತು ಜನ ಬದುಕಿ ಊರಲ್ಲೇ ಇದ್ದವರಾದರೂ ಪ್ರತಿಶತ ಅಷ್ಟೇ ಸುಂದರವಾಗಿ ಕಾಣುತ್ತದೆ. ಆದ್ದರಿಂದ ಗುರುತಿನ ನಿಯಮಗಳಿಂದ ಮತದಾನ ಇಳಿಯಿತೇ ಏರಿತೇ ಎಂಬ ಪ್ರಶ್ನೆಗೆ ಪ್ರತಿಶತವನ್ನೊಂದೇ ನೋಡಿ ಉತ್ತರ ಕೊಡಬಾರದೆಂದು ನಾವು ಹೇಳುತ್ತೇವೆ.

2025ರಲ್ಲಿ ಬಿಹಾರದಲ್ಲಿ ನಡೆದದ್ದು ನಿಮಗೆ ನೆನಪಿದೆ. ಜೂನಿನಲ್ಲಿ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾದಾಗ ಪಟ್ಟಿಯಲ್ಲಿ 7.89 ಕೋಟಿ ಹೆಸರುಗಳಿದ್ದವು. ಆಗಸ್ಟ್ 1ರ ಕರಡಿನಲ್ಲಿ 65 ಲಕ್ಷ ಕಡಿಮೆ. ಬಿಟ್ಟುಹೋದವರ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಹೇಳಿತು. ಮೊದಲು ಸೂಚಿಸಿದ 11 ದಾಖಲೆಗಳಲ್ಲಿ ಇಲ್ಲದಿದ್ದ ಆಧಾರನ್ನು ಗುರುತಿಗಾಗಿ ಹನ್ನೆರಡನೆಯದಾಗಿ ಒಪ್ಪಬೇಕೆಂದು ಸೆಪ್ಟೆಂಬರಿನಲ್ಲಿ ಹೇಳಿತು. ಅಂತಿಮ ಪಟ್ಟಿ 7.42 ಕೋಟಿಯದಾಯಿತು. ನವೆಂಬರಿನ ಮತದಾನ 67 ಪ್ರತಿಶತದ ಹತ್ತಿರ ಹೋಗಿ ಆ ರಾಜ್ಯದ ದಾಖಲೆಯಾಯಿತು. ಮತ ಹಾಕಿದವರ ಸಂಖ್ಯೆಯೂ ಹೆಚ್ಚಿತ್ತು ಎಂಬುದನ್ನು ಮರೆಯಬಾರದು. ಏರಿಕೆಯೆಲ್ಲ ಲೆಕ್ಕದ ಚಮತ್ಕಾರವಲ್ಲ. ಹಾಗೆಯೇ ಏರಿಕೆಯನ್ನು ತೋರಿಸಿ, ಬಿಟ್ಟುಹೋದವರು ಯಾರೂ ಇಲ್ಲವೆನ್ನುವುದೂ ಸಲ್ಲ.

ಆ 11 ದಾಖಲೆಗಳಲ್ಲಿ ಒಂದು ನಮ್ಮ ಮನಸ್ಸಿನಲ್ಲಿ ನಿಂತಿತು: ಮಾನ್ಯ ಮಂಡಳಿಯ ಮೆಟ್ರಿಕ್ ಅಥವಾ ಶೈಕ್ಷಣಿಕ ಪ್ರಮಾಣಪತ್ರ. ಮೆಟ್ರಿಕ್ಕಿನ ಪ್ರಮಾಣಪತ್ರದಲ್ಲಿ ಹೆಸರು ಬರುವುದು ಶಾಲೆಯ ರಜಿಸ್ಟರಿನಿಂದ. ಅಕ್ಟೋಬರಿನಲ್ಲಿ ಎರಡನೆಯ ಹಂತಕ್ಕೆ ಆಯ್ದ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಕೇರಳವಿತ್ತು, ಅದರೊಡನೆ ಕಾಸರಗೋಡಿನ ನಮ್ಮ ಕನ್ನಡ ಬಂಧುಗಳೂ. ಮಹಾರಾಷ್ಟ್ರ ಆ ಹಂತದಲ್ಲಿರಲಿಲ್ಲ. ಅಲ್ಲಿನ ಕ್ರಮವನ್ನು ಓದಿದಾಗ ನಮ್ಮ ಗಡಿಗೆ ಅದು ಹೇಗೆ ತಟ್ಟುತ್ತದೆಂದು ಯೋಚಿಸಿದೆವು. 2002ರಿಂದ 2004ರ ನಡುವಿನ ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತನ್ನ ಹೆಸರಿಲ್ಲದಿದ್ದರೆ ತಂದೆತಾಯಿಗಳ ನಮೂದಿಗೆ ನಂಟು ತೋರಿಸಬೇಕು. ಅಫಜಲಪುರದ ಹಳ್ಳಿಯಿಂದ ದುಧನಿಗೋ ಮೈಂದರಗಿಗೋ ಬಂದ ಸೊಸೆಯ ತಂದೆತಾಯಿಗಳ ಹೆಸರಿರುವುದು ಕರ್ನಾಟಕದ ಪಟ್ಟಿಯಲ್ಲಿ, ಕನ್ನಡ ಅಕ್ಷರದಲ್ಲಿ. ಅವಳ ಹೆಸರಿರುವುದು ಮರಾಠಿ ಪಟ್ಟಿಯಲ್ಲಿ, ಬೇರೆ ಹೆಸರಾಗಿ. ನಡುವೆ ಸೇತುವೆ ಯಾವುದು? ಶಾಲೆ ಬಿಟ್ಟ ದಾಖಲೆ, ಮದುವೆಯ ನೋಂದಣಿ. ಎರಡೂ ಇಲ್ಲದವರ ಪಾಡು ಕಷ್ಟ. ಗಡಿಯ ವಾದವನ್ನು ನಾವು ಇಂದು ಎತ್ತುವುದಿಲ್ಲ. ಹಳ್ಳಿ ಯಾವ ರಾಜ್ಯದಲ್ಲಿದ್ದರೂ ಅಲ್ಲಿಯ ಹೆಣ್ಣುಮಗಳಿಗೆ ಮತ ಇರಬೇಕಷ್ಟೆ. ಆಕೆಯ ಹೆಸರು ಎರಡು ಪಟ್ಟಿಗಳಲ್ಲಿ ಇರಬಾರದೆಂಬುದೂ ಕಾನೂನೇ. ತವರಿನ ಪಟ್ಟಿಯಲ್ಲಿ ಹಳೆಯ ಹೆಸರು ಉಳಿದಿದೆಯೆಂದು ತಿಳಿದೂ ಸುಳ್ಳು ಘೋಷಣೆ ಮಾಡುವುದು ಶಿಕ್ಷಾರ್ಹ ಅಪರಾಧ. 2024ರ ಮೇ 7ರಂದು ಸೊಲ್ಲಾಪುರಕ್ಕೂ ಕಲಬುರಗಿ, ವಿಜಯಪುರಗಳಿಗೂ ಒಂದೇ ದಿನ ಮತದಾನವಿತ್ತು. ಎರಡೂ ಕಡೆ ಹೆಸರಿದ್ದವರನ್ನು ನಾವು ಬಲ್ಲೆವು, ಎಲ್ಲಿಯೂ ಇಲ್ಲದವರನ್ನೂ ಬಲ್ಲೆವು.

ಏನು ಮಾಡಬೇಕೆಂದು ಪಾಲಕರು ಕೇಳುತ್ತೀರಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡುವುದು ತಡವಾದೀತು. ಪಟ್ಟಿಯನ್ನು ವರ್ಷಕ್ಕೊಮ್ಮೆ, ಮನೆಯ ಎಲ್ಲರ ಹೆಸರು ಹಿಡಿದು, ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ಅಥವಾ ಮೊಬೈಲಿನಲ್ಲಿ ನೋಡಿ. ಹೊಸ ಹೆಸರಿಗೆ 6ನೆಯ ನಮೂನೆ, ಅಕ್ಷರದ ತಪ್ಪಿಗೂ ವಾಸಸ್ಥಳದ ಬದಲಾವಣೆಗೂ 8ನೆಯದು, ತೆಗೆಯಲು 7ನೆಯದು. ಹದಿನೆಂಟು ತುಂಬುವ ಮಕ್ಕಳಿಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೆಯ ತಾರೀಖುಗಳೆಂದು ವರ್ಷದಲ್ಲಿ ನಾಲ್ಕು ಅವಕಾಶ. ನಿಮ್ಮ ಹೆಸರನ್ನು ತೆಗೆಯುವ ಮೊದಲು ನಿಮಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ನಿಯಮವಿದೆ; ಮನೆಗೆ ನೋಟೀಸು ಬಂದರೆ ಮರಾಠಿ ಬಾರದೆಂದು ಗೂಡಿನಲ್ಲಿ ತುರುಕಬೇಡಿ, ಶಾಲೆಗೆ ತನ್ನಿ, ನಾವು ಓದಿ ಹೇಳುತ್ತೇವೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮೊದಲೇ ಮತ ಹಾಕಿಹೋಗಿದ್ದರೂ ಸುಮ್ಮನೆ ಮರಳಬೇಡಿ. ಗುರುತು ಖಚಿತಪಡಿಸಿ ಟೆಂಡರ್ಡ್ ಮತಪತ್ರ ಕೇಳಿ. ಅದನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ, ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಆದರೂ ನೀವು ಬಂದಿದ್ದಿರಿ ಎಂಬುದಕ್ಕೆ ಅದು ದಾಖಲೆ.

ಶಿಕ್ಷಕ ಮಿತ್ರರಿಗೆ ಒಂದು ಮಾತು. 2023ರ ಅಕ್ಟೋಬರ್ 1ರಿಂದ ಜನಿಸಿದ ಮಕ್ಕಳಿಗೆ ಶಾಲೆಗೆ ಸೇರಲೂ, ಮತದಾರರ ಪಟ್ಟಿಗೆ ಸೇರಲೂ ಜನನ ಪ್ರಮಾಣಪತ್ರವೇ ಆಧಾರವೆಂದು ಕಾನೂನು ತಿದ್ದುಪಡಿಯಾಗಿದೆ. ಆ ಮಕ್ಕಳು ಕೆಲವೇ ವರ್ಷಗಳಲ್ಲಿ ಒಂದನೆಯ ಇಯತ್ತೆಗೆ ಬರುತ್ತಾರೆ. ಜೂನ್ 1ರ ಔದಾರ್ಯ ಅಲ್ಲಿಗೆ ಮುಗಿಯಿತು. ಹೆಸರಿನ ಮೊದಲ ಅಕ್ಷರ ಬೀಳುವುದು ಆಸ್ಪತ್ರೆಯಲ್ಲಿ, ಗ್ರಾಮಪಂಚಾಯತಿಯಲ್ಲಿ. ಹೆರಿಗೆಯಾದ ಮನೆಗೆ ತೊಟ್ಟಿಲ ಹಬ್ಬಕ್ಕೆ ಹೋದಾಗ, ಮಗುವಿನ ಹೆಸರನ್ನು ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲಿಯೂ ಒಂದು ಚೀಟಿಯ ಮೇಲೆ ಸರಿಯಾಗಿ ಬರೆದುಕೊಡಿ. ಆಶೀರ್ವಾದಕ್ಕಿಂತ ಹೆಚ್ಚು ದಿನ ಬಾಳುವ ಉಡುಗೊರೆ ಅದು ಎಂದರೆ ಹಿರಿಯರು ಕ್ಷಮಿಸಬೇಕು.

ಈಗಾಗಲೇ ಸೇರಿರುವ ಮಕ್ಕಳಿಗಾಗಿ ಹಳೆಯ ವಿದ್ಯಾರ್ಥಿಗಳೆಲ್ಲ ಕೂಡಿ ಒಂದು ಕೆಲಸ ಆರಂಭಿಸಿದ್ದೇವೆ. ಪ್ರತಿ ವಿದ್ಯಾರ್ಥಿಯ ಹೆಸರನ್ನು ರಜಿಸ್ಟರು, ಆಧಾರ್, ಜನನ ಪ್ರಮಾಣಪತ್ರ ಮೂರರಲ್ಲಿಯೂ ಹೋಲಿಸಿ, ಶಾಲೆ ಬಿಡುವ ಮೊದಲೇ ಭೇದವನ್ನು ಪಾಲಕರಿಗೆ ತಿಳಿಸುವುದು. ಐದನೆಯ ಮತ್ತು ಏಳನೆಯ ಇಯತ್ತೆಗಳನ್ನು ಮುಗಿಸಿದ್ದೇವೆ. ಎಷ್ಟು ಹೆಸರುಗಳಲ್ಲಿ ಭೇದ ಸಿಕ್ಕಿತೆಂದು ಈ ಸಭೆಯಲ್ಲಿ ಹೇಳಲು ನಮಗೆ ಸಂಕೋಚವಾಗುತ್ತದೆ. ಆಯಾ ಪಾಲಕರಿಗೆ ಹೇಳುತ್ತೇವೆ. ಹಿರಿಯ ವಿದ್ಯಾರ್ಥಿನಿಯರು, ವಿಶೇಷವಾಗಿ ಮದುವೆಯಲ್ಲಿ ಹೆಸರು ಬದಲಾದವರು, ತಮ್ಮ ಹಳೆಯ ಹೆಸರು ಮತ್ತು ಶಾಲೆ ಬಿಟ್ಟ ವರ್ಷವನ್ನು ಹೇಳಿದರೆ ದಾಖಲೆಯ ಪ್ರತಿಯನ್ನು ತೆಗೆಸಿಕೊಡುತ್ತೇವೆ.

ರಜಿಸ್ಟರುಗಳ ಮೇಜು ಸಂಜೆ ಆರರವರೆಗೆ ತೆರೆದಿರುತ್ತದೆ. ಆ ದಿನ ಮತಗಟ್ಟೆಯಿಂದ ಮರಳಿದ ತಾಯಿ ಇಂದು ಈ ಸಭೆಯಲ್ಲಿದ್ದಾರೆ; 6ನೆಯ ನಮೂನೆ ತುಂಬಿ, ಅನಂತರದ ಚುನಾವಣೆಯಲ್ಲಿ ಮತ ಹಾಕಿದರು. ಬೆಳಿಗ್ಗೆ ಅವರ ಸಾಲನ್ನು ರಜಿಸ್ಟರಿನಲ್ಲಿ ಹುಡುಕಿಕೊಟ್ಟೆವು. ಅದರಲ್ಲಿಯೂ ಒಂದು ಒತ್ತಕ್ಷರ ತಪ್ಪಿದೆ.